ಕುಕ್ಕರಹಳ್ಳಿ ಕೆರೆಗೆ ನೀರು ಬರುವ ದಾರಿ

ಸರಗೂರು, ಕೋಟೆಗಳ ಕಡೆಯಿಂದ ಮಾನಸಗಂಗೋತ್ರಿಗೆ ಓದಲು ಹೋದವರೆಲ್ಲ ಕುಕ್ಕರಹಳ್ಳಿ ಕೆರೆಯನ್ನು ಬಲ್ಲರು. ವಿಶ್ವವಿದ್ಯಾನಿಲಯದ ಮಗ್ಗುಲಲ್ಲೇ ಹರಡಿರುವ ಈ ಜಲರಾಶಿಯನ್ನು ನಿಸರ್ಗದ ಕೊಡುಗೆಯೆಂದು ಭಾವಿಸುವವರೇ ಹೆಚ್ಚು. ಆದರೆ ಇದು ಮನುಷ್ಯರು ಕಟ್ಟಿದ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಊರ ಹೊರಗಿನ ಜಮೀನುಗಳಿಗೆ ನೀರುಣಿಸಲೆಂದು ಇದನ್ನು ಕಟ್ಟಿಸಿದರು. ಅದಕ್ಕೂ ಮೊದಲು ದಿವಾನ್ ಪೂರ್ಣಯ್ಯನವರು ಕಾವೇರಿಯನ್ನು ಮೈಸೂರಿಗೆ ತರುವ ಹಂಬಲದಿಂದ ಕಾಲುವೆಯೊಂದನ್ನು ತೋಡಿಸಿದ್ದರು. ಕಾವೇರಿ ಬರಲಿಲ್ಲ, ಆದರೆ ಆ ಕಾಲುವೆ ಮಳೆನೀರನ್ನು ಹಿಡಿದು ತಂದು ಈ ಕೆರೆಯನ್ನು ತುಂಬಿಸುತ್ತಿತ್ತು. ಸೋತ ಯೋಜನೆಯೊಂದು ಕೆರೆಗೆ ಜೀವನಾಡಿಯಾದ ಉದಾಹರಣೆ ಅಪರೂಪದ್ದು.

ಸುಮಾರು 150 ಎಕರೆಯ ಈ ನೀರಿನ ನಡುವೆ ನಡುಗಡ್ಡೆಯಿದೆ. ಹೆಜ್ಜಾರ್ಲೆ, ಹಾವಕ್ಕಿ, ನೀರುಕಾಗೆ, ಬಣ್ಣದ ಕೊಕ್ಕರೆಗಳು ನಗರದ ಗದ್ದಲದ ನಡುವೆಯೂ ಇಲ್ಲಿ ಆಶ್ರಯ ಪಡೆದಿವೆ. ಕುವೆಂಪು ಇದನ್ನು 'ಕುಕ್ಕನಹಳ್ಳಿ ಕೆರೆ' ಎಂದು ಕರೆದು ಕವಿತೆಗಳಲ್ಲಿ ನಿಲ್ಲಿಸಿದರು. ಆದರೆ ಕವಿಗೆ ಒಲಿದ ಕೆರೆಯನ್ನು ನಗರ ಬಚ್ಚಲನ್ನಾಗಿ ನಡೆಸಿಕೊಂಡಿತು. ಕೆರೆಯ ಅಚ್ಚುಕಟ್ಟು ಬಡಾವಣೆಯಾಯಿತು. ಗದ್ದೆ ಹೋದ ಮೇಲೆ ತೂಬಿಗೂ ನೀರುಗಂಟಿಗೂ ಕೆಲಸ ಉಳಿಯಲಿಲ್ಲ. ಪೂರ್ಣಯ್ಯ ಕಾಲುವೆ ಒತ್ತುವರಿಗೆ ಸಿಲುಕಿ ಹರಿದು ಹಂಚಿಹೋಯಿತು. ಪಡುವಾರಹಳ್ಳಿಯ ಕಡೆಯಿಂದ ಕೊಳಚೆ ಹರಿದು ಬಂದಿತು.

2000ದ ದಶಕದ ಆರಂಭದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಇಲ್ಲಿ ಪುನರುಜ್ಜೀವನದ ಕಾಮಗಾರಿ ನಡೆಯಿತು. ಕೊಳಚೆಯನ್ನು ತಡೆಯಲೇಬೇಕು, ನಿಜ. ಆದರೆ ಕೊಳಚೆಯೊಂದಿಗೆ ಮಳೆನೀರಿನ ದಾರಿಯನ್ನೂ ತಿರುಗಿಸಿಬಿಟ್ಟರೆ ಉಳಿಯುವುದು ಕಾಲುದಾರಿಯೂ ಕಲ್ಲುಬೆಂಚುಗಳೂ ಮಾತ್ರ. ದಡವನ್ನು ಸಿಂಗರಿಸುವುದು ಸುಲಭ, ಉದ್ಘಾಟನೆಗೂ ಅನುಕೂಲ. ಮೈಲಿಗಟ್ಟಲೆ ಕಾಲುವೆಯ ಒತ್ತುವರಿ ಬಿಡಿಸುವುದಕ್ಕೆ ಯಾವ ಫಲಕವೂ ಏಳುವುದಿಲ್ಲ.

ಇದು ಮೈಸೂರಿನವರ ಗೊಡವೆ ಎಂದು ಕಪಿಲೆಯ ದಡದವರು ಸುಮ್ಮನಿರುವಂತಿಲ್ಲ. ತನ್ನ ಅಂಗಳದ ನೀರನ್ನು ಕೆಡಿಸಿಕೊಂಡ ನಗರ ದೂರದ ನದಿಗಳಿಗೆ ಕೊಳವೆ ಹಾಕುತ್ತದೆ. ಸರಗೂರನ್ನು ದಾಟಿ ಹರಿಯುವ ಕಪಿಲೆಯ ನೀರನ್ನು ನಂಜನಗೂಡು ತಾಲ್ಲೂಕಿನ ಬಿದರಗೂಡಿನಲ್ಲಿ ಎತ್ತಿ ಮೈಸೂರಿಗೆ ಒಯ್ಯಲಾಗುತ್ತಿದೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು ಮುಖ್ಯವಾಗಿ ನೀರಾವರಿಗಾಗಿ ಕಟ್ಟಿದ್ದು. ಅದಕ್ಕಾಗಿ ಪುನ್ನಾಟರ ಹಳೆಯ ರಾಜಧಾನಿ ಕಿತ್ತೂರು ಮುಳುಗಿತು. 1971ರಲ್ಲಿ ಕೊನೆಯ ಖೆಡ್ಡಾ ನಡೆದ ಕಾಕನಕೋಟೆಯ ನೆಲವೂ ಮುಳುಗಿತು. ಊರನ್ನೂ ಕಾಡನ್ನೂ ಕಳೆದುಕೊಂಡವರಿಗೆ, ಕೆರೆಯನ್ನು ಕಾಯದ ನಗರವನ್ನು ಪ್ರಶ್ನಿಸುವ ಹಕ್ಕಿದೆ. ಕುಡಿಯುವ ನೀರನ್ನು ಯಾರೂ ನಿರಾಕರಿಸಲಾಗದು. ಕೇಳಬೇಕಾದುದು ಕೆರೆಗಳ ಲೆಕ್ಕವನ್ನು.

ಹಾಗೆ ಕೇಳುವಾಗ ಸ್ವಂತ ಊರನ್ನೂ ನೋಡಿಕೊಳ್ಳಬೇಕು. ಸರಗೂರು ಈಗ ತಾಲ್ಲೂಕು ಕೇಂದ್ರ. ಪೇಟೆ ಬೆಳೆಯುವಾಗ ಕೆರೆಗಿಂತ ಮೊದಲು ಮಾಯವಾಗುವುದು ಕೆರೆಗೆ ನೀರು ತರುವ ಹಳ್ಳ. ಗ್ರಾಮ ನಕಾಶೆಯಲ್ಲಿ ಹಳ್ಳ, ಕಾಲುವೆ, ಖರಾಬು ಜಾಗಗಳ ಗುರುತಿರುತ್ತದೆ. ಮುಂಗಾರಿನ ಮೊದಲ ಜೋರುಮಳೆಗೆ ಕಾಲೇಜಿನ ವಿದ್ಯಾರ್ಥಿಗಳು ಆ ನಕಾಶೆ ಹಿಡಿದು, ಹಿರಿಯ ರೈತರೊಬ್ಬರನ್ನು ಜೊತೆಗೆ ಕರೆದುಕೊಂಡು ಹಳ್ಳದ ಗುಂಟ ನಡೆಯಲಿ. ನೀರು ಎಲ್ಲಿ ತಡೆದು ನಿಂತಿದೆಯೋ ಆ ಸರ್ವೆ ನಂಬರನ್ನು ಬರೆದುಕೊಂಡು, ಹೊಸ ಬಡಾವಣೆಗೆ ಮಂಜೂರಾತಿ ಕೊಡುವ ಮುನ್ನವೇ ಪಟ್ಟಣ ಪಂಚಾಯಿತಿಗೂ ತಹಶೀಲ್ದಾರರಿಗೂ ಲಿಖಿತವಾಗಿ ಒಪ್ಪಿಸಲಿ.