ಫಲಿತಾಂಶ ಕೇಳುವ ಮೊದಲು ಮೇಷ್ಟ್ರನ್ನು ಕೊಡಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ನಮ್ಮ ತಾಲ್ಲೂಕಿನ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಅದೇ ಮಾತು: ಸರ್ಕಾರಿ ಹೈಸ್ಕೂಲು ದಂಡ, ಮುಚ್ಚಿಬಿಡಿ. ಹೀಗೆನ್ನುವವರ ವಾದಗಳನ್ನು ಒಂದೊಂದಾಗಿ ನೋಡೋಣ.

‘ಶೇಕಡಾವಾರೇ ಸಾಕ್ಷಿ’ ಎನ್ನುತ್ತಾರೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕವನ್ನು ಶೇ 20ಕ್ಕೆ ಏರಿಸಿದರೂ ಫಲಿತಾಂಶ ಶೇ 73.40ಕ್ಕೆ ಕುಸಿಯಿತು. ಒಂದೇ ವರ್ಷದಲ್ಲಿ ಇಡೀ ರಾಜ್ಯದ ಮಕ್ಕಳು ದಡ್ಡರಾದರೇ? ಕಾವಲು ಬದಲಾದರೆ ಬದಲಾಗುವ ಅಂಕಿಯನ್ನು ಹಿಡಿದು ಶಾಲೆಯ ಹಣೆಬರಹ ಬರೆಯುವುದು ನ್ಯಾಯವಲ್ಲ.

‘ಎಲ್ಲ ಬಿಟ್ಟಿ ಸಿಗುತ್ತದೆ, ಇನ್ನೇನು ಬೇಕು?’ ಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು, ಮೊಟ್ಟೆ ಸಿಗುತ್ತಿರುವುದು ನಿಜ. ಅದರಿಂದ ಮಕ್ಕಳು ಶಾಲೆಯಲ್ಲಿ ಉಳಿದಿರುವುದೂ ನಿಜ. ಆದರೆ ಪಾಠ ಮಾಡಬೇಕಾದವರು ಮೇಷ್ಟ್ರು. ಕಾಯಂ ಹುದ್ದೆ ಖಾಲಿ ಇರುವಲ್ಲಿ ಬರುವ ಅತಿಥಿ ಶಿಕ್ಷಕರ ಗೌರವಧನ 2025ರ ಬಜೆಟ್‌ನಲ್ಲಿ ಎರಡು ಸಾವಿರ ಏರಿದ ಮೇಲೂ ಪ್ರೌಢಶಾಲೆಯಲ್ಲಿ ತಿಂಗಳಿಗೆ 12,500 ರೂಪಾಯಿ. ಅಷ್ಟಕ್ಕೆ ಗಣಿತದ ಬಿ.ಇಡಿ ಪದವೀಧರರು ಕಾಡಂಚಿನ ಊರಲ್ಲಿ ಎಷ್ಟು ದಿನ ನಿಂತಾರು? ಇನ್ನು ಎಲ್ಲವೂ ಸಿಗುತ್ತಿಲ್ಲ: 2006–07ರಲ್ಲಿ ಶುರುವಾದ ಸೈಕಲ್ ವಿತರಣೆ ಕೋವಿಡ್ ಕಾಲದಲ್ಲಿ ನಿಂತಿತು. ಆದಿವಾಸಿ ಹಾಡಿಯ ಮಗು ಬಸ್ಸು ಹಿಡಿದು ಬರುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತದೆ.

‘ತಂದೆತಾಯಿಗೇ ಆಸಕ್ತಿಯಿಲ್ಲ.’ ಹಾಗೆನ್ನುವವರು ಹೊಗೆಸೊಪ್ಪಿನ ಕಾಲದಲ್ಲಿ ಸೊಪ್ಪು ಹದಮಾಡುವ ಬ್ಯಾರನ್ ಹತ್ತಿರ ಬಂದು ನಿಲ್ಲಲಿ. ಎಲೆಯನ್ನು ಕಡ್ಡಿಗೆ ಕಟ್ಟುವ ಹುಡುಗಿಯ ಬೆರಳಿಗೆ ಮೆತ್ತಿದ ಕಪ್ಪು ಅಂಟು ಸೋಪು ಹಾಕಿ ಉಜ್ಜಿದರೂ ಬೇಗ ಬಿಡುವುದಿಲ್ಲ. ರಾತ್ರಿ ನೋಟ್ಸ್ ಬರೆಯುವುದೂ ಅದೇ ಬೆರಳು. ಅದಾದ ಮೇಲೆ ಕೊಡಗಿನ ಕಾಫಿ ಕೊಯ್ಲು. ಹಾಡಿಯ ಎಷ್ಟೋ ಕುಟುಂಬಗಳು ಮಕ್ಕಳನ್ನೂ ಕರೆದುಕೊಂಡು ಅಲ್ಲಿನ ತೋಟದ ಲೈನ್‌ಮನೆ ಸೇರುತ್ತವೆ. ಹತ್ತನೇ ತರಗತಿಗೆ ಪುನರಾವರ್ತನೆ ನಡೆಯುವುದೂ ಆ ತಿಂಗಳುಗಳಲ್ಲೇ. ಆಸಕ್ತಿಯಿದ್ದರೂ ಹೊಟ್ಟೆಪಾಡು ಬಿಡುವುದಿಲ್ಲ.

‘ಮುಚ್ಚಿ, ದೊಡ್ಡ ಶಾಲೆಗೆ ಸೇರಿಸಿ.’ ಐದು ಕಿಲೋಮೀಟರ್ ಒಳಗೆ ಪ್ರೌಢಶಾಲೆ ಇರಬೇಕೆಂದು 2009ರಲ್ಲೇ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಗುರಿ ಇಟ್ಟಿತ್ತು. ಆನೆ ಓಡಾಡುವ ದಾರಿಯಲ್ಲಿ ಇನ್ನೂ ದೂರ ಹೋಗಬೇಕೆಂದರೆ ಮೊದಲು ಶಾಲೆ ಬಿಡುವವಳು ಹೆಣ್ಣುಮಗಳು.

ಜೂನ್‌ನಲ್ಲೇ ಗಣಿತ, ವಿಜ್ಞಾನ, ಇಂಗ್ಲಿಷ್‌ಗೆ ಮೇಷ್ಟ್ರು ಬರಲಿ. ಸೈಕಲ್ ಸಿಗಲಿ. ಅಪ್ಪ ಅಮ್ಮ ಕೊಡಗಿಗೆ ಹೋಗುವ ತಿಂಗಳುಗಳಲ್ಲಿ ಮಕ್ಕಳಿಗೆ ಹಾಸ್ಟೆಲ್‌ನಲ್ಲಿ ಜಾಗವಿರಲಿ. ಮೂರು ವರ್ಷ ಸರ್ಕಾರ ಇಷ್ಟನ್ನು ತಪ್ಪದೆ ಕೊಟ್ಟು ಆಮೇಲೆ ಫಲಿತಾಂಶ ಕೇಳಲಿ. ಉತ್ತರ ಹೇಳುವ ಹೊಣೆ ನಮ್ಮದು.