‘ವಿತೌಟ್ ಫೇಲ್’ ಎಂದರೆ ಫೇಲಲ್ಲ!



ಬೇಸಿಗೆ ಮುಗಿಯಿತು. ಹಪ್ಪಳ ಸಂಡಿಗೆಯ ಡಬ್ಬಿಗಳು ಅಟ್ಟ ಸೇರಿದವು, ಮಕ್ಕಳ ಬ್ಯಾಗು ಗೂಟದಿಂದ ಕೆಳಗಿಳಿಯಿತು. ಇನ್ನು ಬೆಳಿಗ್ಗೆ ಎದ್ದರೆ ನಮಗೆ ಬುತ್ತಿಯದೇ ಚಿಂತೆ. ಬುತ್ತಿಗೇನು, ಹೇಗೋ ಚಿತ್ರಾನ್ನವನ್ನೋ ಅಕ್ಕಿರೊಟ್ಟಿಯನ್ನೋ ಮಾಡಿ ಹಾಕಿಬಿಡುತ್ತೇವೆ. ಆದರೆ ಸಾಯಂಕಾಲ ಅದೇ ಬ್ಯಾಗಿನಿಂದ ಹೊರಬರುವ ಇಂಗ್ಲಿಷ್ ಚೀಟಿಗೆ ಏನು ಮಾಡುವುದು? ಈ ಸಲ ಆ ಮಾತು ಆಡೋಣ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ನಮ್ಮವರು ಕೊಬ್ಬರಿ ಹಾಕಿಕೊಂಡು ತಿಪಟೂರಿನ ಮಾರ್ಕೆಟ್ಟಿಗೆ ಹೋಗಿದ್ದರು. ಎರಡನೇ ಕ್ಲಾಸಿನ ಮಗ ಡೈರಿ ತಂದು ಮುಂದಿಟ್ಟ. ನಾನು ಹತ್ತನೆಯವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ, ಅರ್ಥ ಮಾತ್ರ ಅರ್ಧಂಬರ್ಧ. ಓದುತ್ತಾ ಹೋದೆ. ಕೊನೆಯಲ್ಲಿ ‘ಫೇಲ್’ ಅಂತ ಇತ್ತು. ಅಷ್ಟೇ, ನನಗೆ ಮುಂದೇನೂ ಕಾಣಲಿಲ್ಲ. “ಅಷ್ಟು ಫೀಸು ಕಟ್ಟಿ ಓದ್ಸಿದ್ರೆ ಫೇಲಾಗಿ ಬಂದಿದೀಯಾ?” ಅಂತ ಬೆನ್ನಿಗೆ ಎರಡು ಕೊಟ್ಟೆ. ಮಗು ಉಣ್ಣದೇ ಮಲಗಿತು. ಜೂನ್ ತಿಂಗಳಲ್ಲಿ ಎಲ್ಲಿಯ ಪರೀಕ್ಷೆ, ಎಲ್ಲಿಯ ಫೇಲು ಎಂದು ಯೋಚಿಸುವ ವ್ಯವಧಾನವೂ ನನಗಿರಲಿಲ್ಲ.

ಬೆಳಿಗ್ಗೆ ಎದುರುಮನೆಯ ರಿಟೈರ್ಡ್ ಮೇಷ್ಟ್ರಿಗೆ ಡೈರಿ ತೋರಿಸಿದೆ. ಅವರು ನಕ್ಕು ಹೇಳಿದರು: “ನಿಮ್ಮ ಮಗುವಿನ ಜನನ ಪತ್ರವನ್ನು 15ನೇ ತಾರೀಕಿನೊಳಗೆ ತಪ್ಪದೇ ಕೊಡಿ ಅಂತ ಬರೆದಿದಾರೆ ಕಣಮ್ಮ. ‘ವಿತೌಟ್ ಫೇಲ್’ ಅಂದ್ರೆ ತಪ್ಪದೇ ಅಂತ.” ಅವರು ನಕ್ಕರು, ನನಗೆ ನಗು ಬರಲಿಲ್ಲ. ಅಲ್ಲಿಂದಲೇ ನಾನು ಒಂದು ನೋಟುಬುಕ್ಕು ಇಟ್ಟುಕೊಂಡೆ.

ಈಗ ಡೈರಿಯ ಜತೆಗೆ ವಾಟ್ಸಾಪ್ ಗ್ರೂಪೂ ಬಂದಿದೆ, ಕಷ್ಟ ಮಾತ್ರ ಹಾಗೇ ಇದೆ. ಮೊನ್ನೆ ಹಿಂದಿನ ಬೀದಿಯ ಸೊಸೆಯೊಬ್ಬಳು ಫೋನು ಹಿಡಿದುಕೊಂಡು ಓಡಿಬಂದಳು. “ಅಕ್ಕಾ, ನಮ್ಮ ಹುಡುಗೀನ ಯಾವ್ದೋ ವಾರ್ಡಿಗೆ ಹಾಕಿದಾರಂತೆ, ಹುಷಾರಿಲ್ವೋ ಏನೋ!” ಅಂದಳು. ನೋಡಿದರೆ, ಶನಿವಾರದ ಸಭೆಗೆ ‘ವಾರ್ಡ್’ ಜತೆಗೆ ಬನ್ನಿ ಎಂದಿತ್ತು. ಆಸ್ಪತ್ರೆಯ ವಾರ್ಡೂ ಅಲ್ಲ, ಪುರಸಭೆಯ ವಾರ್ಡೂ ಅಲ್ಲ. ಶಾಲೆಯವರ ಭಾಷೆಯಲ್ಲಿ ವಾರ್ಡ್ ಎಂದರೆ ನಿಮ್ಮ ಪಾಲನೆಯಲ್ಲಿರುವ ಮಗು. ಹೇಳಿದ ಮೇಲೆ ಸಮಾಧಾನವಾಯಿತು. ಆದರೆ ಎದ್ದು ಹೋಗುವಾಗ ಮೆಲ್ಲಗೆ ಇನ್ನೊಂದು ಮಾತು ಹೇಳಿದಳು: “ಮೀಟಿಂಗಿಗೆ ಅಪ್ಪನೇ ಬರ್ಲಿ, ನೀನು ಬರ್ಬೇಡ, ನಿಂಗೆ ಇಂಗ್ಲಿಷ್ ಬರಲ್ಲ ಅಂತಾಳೆ ಅಕ್ಕಾ.”

ಈ ಮಾತು ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಕೇಳಿಬಂದಿದೆಯೋ! ಹೆತ್ತು ಹೊತ್ತು ಬೆಳೆಸಿದ ಮಗು ಎಂಟನೇ ವಯಸ್ಸಿಗೆ ತಾಯಿಯನ್ನು ಹೊಸಿಲ ಒಳಗೇ ನಿಲ್ಲಿಸಿಬಿಡುತ್ತದಲ್ಲ, ಅದಕ್ಕೆ ಕಾರಣ ಹತ್ತಿಪ್ಪತ್ತು ಪದಗಳು ಅಷ್ಟೇ. ಬನ್ನಿ, ಅವನ್ನು ಒಂದೊಂದಾಗಿ ಬಿಡಿಸೋಣ.

ಡೈರಿಯ ಪದಗಳು

‘ಆನ್ ಆರ್ ಬಿಫೋರ್’ ಎಂದು ತಾರೀಕು ಹಾಕಿದ್ದರೆ ಆ ದಿನ ಅಥವಾ ಅದಕ್ಕೆ ಮುಂಚೆ ಎಂದರ್ಥ. ಮಾರನೆಯ ದಿನ ಹೋದರೆ ತಡವಾಯಿತು. ‘ಡ್ಯೂ’ ಎಂದರೆ ಕಟ್ಟಬೇಕಾದ ಬಾಕಿ. ‘ಪೆಂಡಿಂಗ್’ ಎಂದರೆ ಇನ್ನೂ ಆಗದೆ ಉಳಿದದ್ದು, ಅದು ಫೀಸೂ ಇರಬಹುದು, ಹೋಂವರ್ಕೂ ಇರಬಹುದು. ‘ಇರ್ರೆಗ್ಯುಲರ್’ ಎಂದರೆ ಕ್ರಮವಾಗಿ ಬರುತ್ತಿಲ್ಲ ಅಥವಾ ಮಾಡುತ್ತಿಲ್ಲ ಎಂದು. ‘ರಿಮಾರ್ಕ್ಸ್’ ಎಂದರೆ ಟೀಚರ ಅಭಿಪ್ರಾಯ. ಅದು ಬೈಗುಳವೇ ಆಗಿರಬೇಕಿಲ್ಲ, ಹೊಗಳಿಕೆಯೂ ಅಲ್ಲೇ ಇರುತ್ತದೆ. ‘ಅಟೆಂಡ್’ ಎಂದರೆ ಹಾಜರಾಗುವುದು. ನಮಗೆ ಆಫೀಸಿನ ಅಟೆಂಡರು ನೆನಪಾಗುತ್ತಾರೆ, ಆದರೆ ಇಲ್ಲಿ ಹಾಜರಾಗಬೇಕಾದವರು ನೀವೇ.

‘ಸಿಗ್ನೇಚರ್ ಆಫ್ ಪೇರೆಂಟ್’ ಎಂದಿರುವ ಕಡೆ ಯಜಮಾನರು ಬರಲಿ ಅಂತ ಚೀಟಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸುವವರೇ ಹೆಚ್ಚು. ಪೇರೆಂಟ್ ಎಂದರೆ ತಾಯಿಯೂ ಹೌದು, ತಂದೆಯೂ ಹೌದು. ನಿಮ್ಮ ಸಹಿ ಸಾಕು. ‘ಗಾರ್ಡಿಯನ್’ ಎಂದರೆ ತಂದೆತಾಯಿ ಇಲ್ಲದೆಡೆ ಮಗುವನ್ನು ನೋಡಿಕೊಳ್ಳುವ ಅಜ್ಜಿ, ಸೋದರಮಾವ, ಯಾರಾದರೂ.

ಪರೀಕ್ಷೆಯ ಪದಗಳು

‘ಎಫ್‌ಎ’, ‘ಎಸ್‌ಎ’ ಎಂಬ ಎರಡು ಅಕ್ಷರಜೋಡಿ ನೋಡಿ ತಲೆ ಕೆಡಿಸಿಕೊಳ್ಳುವವರಿದ್ದಾರೆ. ಎಫ್‌ಎ ಎಂದರೆ ಫಾರ್ಮೇಟಿವ್ ಅಸೆಸ್‌ಮೆಂಟ್, ಕನ್ನಡದಲ್ಲಿ ರೂಪಣಾತ್ಮಕ ಮೌಲ್ಯಮಾಪನ. ಎಸ್‌ಎ ಎಂದರೆ ಸಮೇಟಿವ್ ಅಸೆಸ್‌ಮೆಂಟ್, ಅಂದರೆ ಸಂಕಲನಾತ್ಮಕ ಮೌಲ್ಯಮಾಪನ. ಕನ್ನಡವೇ ಇಂಗ್ಲಿಷಿಗಿಂತ ಕಷ್ಟವಾಯಿತು ಅಂತೀರಾ? ನಮ್ಮ ಸೀಮೆಯ ಮಾತಿನಲ್ಲೇ ಹೇಳುತ್ತೇನೆ ಕೇಳಿ. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಉಂಡೆಕೊಬ್ಬರಿ ಆಗಲು ಹತ್ತು ಹನ್ನೆರಡು ತಿಂಗಳು ಬೇಕು. ನಡುನಡುವೆ ಅಟ್ಟ ಹತ್ತಿ, ಕಾಯಿ ಕೈಗೆ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸುತ್ತೇವಲ್ಲ, ನೀರು ಇಂಗಿದೆಯೋ, ಒಳಗೆ ಗಡಗಡ ಅನ್ನುತ್ತದೆಯೋ ಎಂದು? ಅದು ಎಫ್‌ಎ. ಕೊನೆಗೆ ಸುಲಿದು ಒಡೆದು ಮಾರ್ಕೆಟ್ಟಿಗೆ ಒಯ್ದ ದಿನ ದರ ಕಟ್ಟುತ್ತಾರಲ್ಲ, ಅದು ಎಸ್‌ಎ. ಅಟ್ಟದ ಮೇಲೆ ಇನ್ನೂ ನೀರಾಡುವ ಕಾಯಿಯನ್ನು ಕಂಡು ಯಾರಾದರೂ ಅದನ್ನು ಬೀದಿಗೆ ಎಸೆಯುತ್ತಾರೆಯೇ? ಎಫ್‌ಎನಲ್ಲಿ ಕಡಿಮೆ ಬಂತೆಂದು ಮಗುವನ್ನು ಬಡಿಯಬೇಡಿ. ಇನ್ನೂ ಸಮಯವಿದೆ ಎಂದು ತಿಳಿಯಿರಿ.

‘ಪ್ರಮೋಟೆಡ್’ ಎಂದರೆ ಮುಂದಿನ ತರಗತಿಗೆ ಹಾಕಿದ್ದಾರೆ. ‘ಡಿಟೇನ್ಡ್’ ಎಂದರೆ ಅದೇ ತರಗತಿಯಲ್ಲಿ ಉಳಿಸಿದ್ದಾರೆ.

ಸಹಿ ಹಾಕುವ ಮುಂಚೆ

ಇದು ಎಲ್ಲಕ್ಕಿಂತ ಮುಖ್ಯ. ‘ಕನ್ಸೆಂಟ್’ ಎಂದರೆ ಒಪ್ಪಿಗೆ. ಪ್ರವಾಸಕ್ಕೆ ಕಳಿಸುವಾಗ, ‘ಅಪಾರ್’ ಎಂಬ 12 ಅಂಕಿಯ ವಿದ್ಯಾರ್ಥಿ ಗುರುತಿನ ಸಂಖ್ಯೆ ಮಾಡಿಸುವಾಗ ಈ ನಮೂನೆ ಬರುತ್ತದೆ. ಒಪ್ಪಿಗೆ ಅಂದ ಮೇಲೆ ಏನಕ್ಕೆ ಒಪ್ಪಿಗೆ ಎಂದು ಕೇಳಿಯೇ ಕೊಡಬೇಕು. ‘ಅಂಡರ್‌ಟೇಕಿಂಗ್’ ಎಂದರೆ ಮುಚ್ಚಳಿಕೆ; ಹೀಗೆ ಮಾಡುತ್ತೇನೆ ಎಂದು ನೀವು ಬರೆದುಕೊಡುವ ಮಾತು. ‘ನಾನ್ ರಿಫಂಡಬಲ್’ ಎಂದರೆ ಕಟ್ಟಿದ ದುಡ್ಡು ವಾಪಸು ಬರುವುದಿಲ್ಲ. ಕಷ್ಟಪಟ್ಟು ಕೂಡಿಟ್ಟ ದುಡ್ಡು ಕಟ್ಟುವ ಮುಂಚೆ ಈ ಒಂದು ಪದ ರಸೀದಿಯಲ್ಲಿ ಇದೆಯೇ ಎಂದು ಹುಡುಕಿ ನೋಡಿ.

‘ಡೊನೇಷನ್’ ಪದದ ವಿಚಿತ್ರ ನೋಡಿ. ಅದಕ್ಕೆ ಅರ್ಥ ದಾನ. ದಾನವೆಂದರೆ ಮನಸ್ಸಿದ್ದರೆ ಕೊಡುವುದು. ಶಾಲೆಯ ಬಾಗಿಲಲ್ಲಿ ಮಾತ್ರ ಅದಕ್ಕೆ ಕೊಡಲೇಬೇಕಾದ ದುಡ್ಡು ಎಂಬ ಅರ್ಥ ಬಂದುಬಿಟ್ಟಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ನೆನಪಿಟ್ಟುಕೊಳ್ಳಿ. 6ರಿಂದ 14 ವರ್ಷದ ಮಗುವನ್ನು ಸೇರಿಸಿಕೊಳ್ಳಲು ‘ಕ್ಯಾಪಿಟೇಷನ್ ಫೀ’, ಅಂದರೆ ಗೊತ್ತಾದ ಫೀಸಿನ ಮೇಲೆ ಕೇಳುವ ವಂತಿಗೆ, ವಸೂಲು ಮಾಡುವಂತಿಲ್ಲ. ಮಾಡಿದರೆ ಅದರ ಹತ್ತರಷ್ಟರವರೆಗೆ ದಂಡ. ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷೆ ಮಾಡಿ ಆರಿಸುವಂತೆಯೂ ಇಲ್ಲ. ಮೊದಲ ಸಲ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲಕ್ಕೂ 50,000ವರೆಗೆ ದಂಡ. “ನಿಮಗೆ ಇಂಗ್ಲಿಷ್ ಬರುತ್ತಾ?” ಎಂದು ನಿಮ್ಮನ್ನು ಪರೀಕ್ಷಿಸಿ ಮಗುವಿಗೆ ಸೀಟು ಇಲ್ಲ ಎನ್ನಲು ಬರುವುದಿಲ್ಲ ಎಂದಾಯಿತು.

‘ಟಿಸಿ’ ಎಂದರೆ ವರ್ಗಾವಣೆ ಪತ್ರ. ಅದೇ ಕಾಯ್ದೆಯ 5ನೇ ಕಲಮಿನ ಪ್ರಕಾರ, ಎಂಟನೆಯ ತರಗತಿಯವರೆಗಿನ ಮಗುವನ್ನು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸಲು ಕೇಳಿದರೆ ಮುಖ್ಯೋಪಾಧ್ಯಾಯರು ಕೂಡಲೇ ಟಿಸಿ ಕೊಡಬೇಕು. ಟಿಸಿ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಮಗುವನ್ನು ಹಿಂದೆ ಕಳಿಸುವಂತಿಲ್ಲ. ‘ಸ್ಟಡಿ ಸರ್ಟಿಫಿಕೇಟ್’ ಬೇರೆ. ಅದು ವ್ಯಾಸಂಗ ಪ್ರಮಾಣ ಪತ್ರ, ಯಾವ ವರ್ಷ ಯಾವ ತರಗತಿ ಓದಿದ ಎಂಬ ಲೆಕ್ಕ. ಮುಂದೆ ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಮೀಸಲಾತಿ ಕೇಳುವಾಗ ಅದೇ ಬೇಕಾಗುತ್ತದೆ. ಬೀರುವಿನಲ್ಲಿ ರೇಷ್ಮೆ ಸೀರೆಯ ಪಕ್ಕದಲ್ಲೇ ಜೋಪಾನವಾಗಿಡಿ.

ನಾವೊಬ್ಬರೇ ಅಲ್ಲ

ಪದಗಳು ಊರಿಂದೂರಿಗೆ ಅರ್ಥ ಬದಲಿಸುತ್ತವೆ. ಸ್ಪ್ಯಾನಿಷ್ ಆಡುವವರು ಇಂಗ್ಲಿಷ್ ಕಲಿಯುವಾಗ ನಮ್ಮ ಹಾಗೇ ಮುಗ್ಗರಿಸುತ್ತಾರೆ. ಅವರ ‘ಕೊಲೇಹಿಯೊ’ ಕಾಲೇಜಲ್ಲ, ಸ್ಕೂಲು. ‘ಲಿಬ್ರೆರಿಯಾ’ ಲೈಬ್ರರಿಯಲ್ಲ, ಪುಸ್ತಕದ ಅಂಗಡಿ. ‘ಕಾರ್ಪೆಟಾ’ ಎಂದರೆ ನೆಲಕ್ಕೆ ಹಾಸುವ ಕಾರ್ಪೆಟ್ಟಲ್ಲ, ಹಾಳೆ ಇಡುವ ಫೈಲು! ಇಂಗ್ಲಿಷರಲ್ಲೇ ನೋಡಿ, ಇಂಗ್ಲೆಂಡಿನಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದರೆ ದುಬಾರಿ ಖಾಸಗಿ ಶಾಲೆ, ಅಮೆರಿಕದಲ್ಲಿ ಸರ್ಕಾರಿ ಶಾಲೆ. ನಮ್ಮಲ್ಲಿ ‘ಟ್ಯೂಷನ್’ ಎಂದರೆ ಸಂಜೆಯ ಮನೆಪಾಠ, ಅಮೆರಿಕದಲ್ಲಿ ಕಾಲೇಜಿನ ಫೀಸು. ಇನ್ನು ‘ಕಾನ್ವೆಂಟ್’ ಅಂದರೆ ಕ್ರೈಸ್ತ ಸನ್ಯಾಸಿನಿಯರ ಮಠ. ಅವರು ನಡೆಸುತ್ತಿದ್ದ ಶಾಲೆಗಳಿಂದಾಗಿ ನಮ್ಮಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಗೆಲ್ಲ ಆ ಹೆಸರು ಅಂಟಿಕೊಂಡಿದೆ.

ಹಾಗೆ ನೋಡಿದರೆ ಹಾಜರಿ, ಅರ್ಜಿ, ರಜಾ ಇವೂ ಹೊರಗಿನಿಂದ ಬಂದ ಪದಗಳೇ. ಮೇಷ್ಟ್ರು ಎಂಬುದು ಇಂಗ್ಲಿಷಿನ ಮಾಸ್ಟರೇ ಅಲ್ಲವೇ? ನಮ್ಮ ಅಜ್ಜಿಯರು ಅವನ್ನು ನಾಲಿಗೆಗೆ ಒಗ್ಗಿಸಿಕೊಂಡ ಹಾಗೆ ನಾವೂ ವಾರ್ಡು, ಕನ್ಸೆಂಟುಗಳನ್ನು ಒಗ್ಗಿಸಿಕೊಂಡರಾಯಿತು. ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರೇ ಅಲ್ಲವೇ ತೀ.ನಂ. ಶ್ರೀಕಂಠಯ್ಯನವರು? ‘ಪ್ರೆಸಿಡೆಂಟ್’ ಎಂಬುದಕ್ಕೆ ‘ರಾಷ್ಟ್ರಪತಿ’ ಎಂಬ ಪದ ಕೊಟ್ಟ ಹಿರಿಮೆ ಅವರದೆನ್ನುತ್ತಾರೆ. ಅಂಥವರ ಸೀಮೆಯಲ್ಲಿ ಹುಟ್ಟಿ ನಾಲ್ಕು ಪದಕ್ಕೆ ಹೆದರುವುದೇ?

ನೀವೂ ಹೀಗೆ ಮಾಡಿ ನೋಡಿ

1. ನಲವತ್ತು ಪುಟದ ನೋಟುಬುಕ್ಕೊಂದನ್ನು ಅಡುಗೆಮನೆಯ ಗೂಡಿನಲ್ಲಿಡಿ. ದಿನಕ್ಕೆ ಒಂದೇ ಪದ. ಎಡಗಡೆ ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ಪದ, ಬಲಗಡೆ ಅರ್ಥ. ಸಾರು ಕುದಿಯುವಷ್ಟು ಹೊತ್ತು ಸಾಕು.

2. ಯಾವ ಚೀಟಿ ಬಂದರೂ ಮೊದಲು ಮೂರು ಹುಡುಕಿ: ತಾರೀಕು ಯಾವುದು, ದುಡ್ಡು ಎಷ್ಟು, ಸಹಿ ಎಲ್ಲಿ. ಅಂಕಿಗಳು ಎಲ್ಲರಿಗೂ ಗೊತ್ತು. ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ.

3. ಫೋನಿನಲ್ಲಿ ಅನುವಾದ ಮಾಡಿ ನೋಡಬಹುದು. ಆದರೆ ಅದು ಕೆಲವು ಸಲ ಪದಕ್ಕೆ ಪದ ಹಾಕಿ ಕೈಬಿಡುತ್ತದೆ. ದುಡ್ಡು ಮತ್ತು ಸಹಿಯ ವಿಷಯವನ್ನು ಮನುಷ್ಯರನ್ನೇ ಕೇಳಿ ಖಚಿತ ಮಾಡಿಕೊಳ್ಳಿ.

4. ಮಗುವನ್ನೇ ಮೇಷ್ಟ್ರು ಮಾಡಿ. “ಇದೇನು ಪದ, ನಂಗೂ ಹೇಳ್ಕೊಡು” ಅನ್ನಿ. ಹೇಳಿಕೊಟ್ಟ ಮಗು ತಾಯಿಯನ್ನು ಕೀಳಾಗಿ ಕಾಣುವುದಿಲ್ಲ, ಅದಕ್ಕೂ ಪಾಠ ಗಟ್ಟಿಯಾಗುತ್ತದೆ.

5. ಶಾಲೆಯಲ್ಲಿ ಒಂದು ವಾಕ್ಯ ಬಂದರೆ ಸಾಕು: “ಪ್ಲೀಸ್ ಎಕ್ಸ್‌ಪ್ಲೇನ್ ಇನ್ ಕನ್ನಡ.” ಅದೂ ಬೇಡವೆಂದರೆ, “ಕನ್ನಡದಲ್ಲಿ ಹೇಳಿ ಮೇಡಂ, ಕೇಳ್ಕೊಂಡು ಸಹಿ ಹಾಕ್ತೀನಿ” ಅನ್ನಿ. ಇದರಲ್ಲಿ ನಾಚಿಕೆಯೇನೂ ಇಲ್ಲ.

ಹಿಂದಿನ ಬೀದಿಯ ಸೊಸೆಗೂ ಇದನ್ನೇ ಹೇಳಿದೆ. ಶುಕ್ರವಾರ ರಾತ್ರಿ ತಾಯಿ ಮಗಳು ಇಬ್ಬರೂ ಕೂತು ಐದು ಪದ ಬರೆದುಕೊಂಡರಂತೆ. ಶನಿವಾರ ಅವಳೇ ಸಭೆಗೆ ಹೋದಳು. ಟೀಚರು ಏನೋ ಇಂಗ್ಲಿಷಿನಲ್ಲಿ ಶುರು ಮಾಡಿದಾಗ, “ಕನ್ನಡದಲ್ಲಿ ಹೇಳಿ ಮೇಡಂ” ಅಂದಳಂತೆ. ಟೀಚರು ಕನ್ನಡಕ್ಕೆ ತಿರುಗಿದ್ದೇ ತಡ, ಹಿಂದೆ ಕೂತಿದ್ದ ಇನ್ನೂ ನಾಲ್ಕು ಜನ ತಾಯಂದಿರು ಬಾಯಿಬಿಟ್ಟು ಪ್ರಶ್ನೆ ಕೇಳಿದರಂತೆ. ಬರುವಾಗ ಮಗಳು ಕೈ ಹಿಡಿದುಕೊಂಡೇ ಬಂದಳು ಅಂತ ಹೇಳುವಾಗ ಅವಳ ಮುಖ ನೋಡಬೇಕಿತ್ತು.

ನನ್ನ ಮಗನ ವಿಷಯ ಬಾಕಿ ಉಳಿಯಿತು. ಅಂದು ಸಂಜೆ ಅವನಿಗೆ ಇಷ್ಟವಾದ ಕಾಯಿಹೋಳಿಗೆ ಮಾಡಿ ಮುಂದಿಟ್ಟೆ. “ತಪ್ಪು ನಂದೇ ಕಣೋ, ನಂಗೆ ಓದೋಕೆ ಬರ್ಲಿಲ್ಲ” ಅಂದೆ. ಎರಡು ಹೋಳಿಗೆ ತಿಂದಾದ ಮೇಲೆ, “ನಾನು ಹೇಳ್ತಿದ್ದೆ, ನೀನು ಕೇಳ್ಲೇ ಇಲ್ಲ” ಅಂದ. ಆ ಮಾತನ್ನೂ ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ. ಪದ ತಿಳಿಯದಿದ್ದರೆ ಮೊದಲು ಮಗುವನ್ನು ಕೇಳಿ. ಕೈ ಎತ್ತುವುದು ಆಮೇಲೂ ಬೇಡ.

ನಿಮ್ಮನ್ನು ಕಾಡಿದ ಇಂಗ್ಲಿಷ್ ಪದ ಯಾವುದು? ಬರೆದು ಕಳಿಸಿ, ಕೂಡಿ ಬಿಡಿಸೋಣ. ಮುಂದಿನ ಸಲ ಬ್ಯಾಂಕಿನ ಚೀಟಿಗಳ ಪದಗಳೊಂದಿಗೆ ಬರುತ್ತೇನೆ. ಅಲ್ಲಿಯವರೆಗೆ, ದಿನಕ್ಕೊಂದು ಪದ, ತಪ್ಪದೇ... ಅಂದರೆ ‘ವಿತೌಟ್ ಫೇಲ್’!