ಗಡ್ಡದ ನಾಟಿಗೆ ಆತುರ ಬೇಡ

ಜ್ವರ, ಕೆಮ್ಮು ಎಂದು ಬರುವ ಯುವಕರು ಔಷಧಿ ಚೀಟಿ ಪಡೆದು ಏಳುವ ಹೊತ್ತಿಗೆ ಮೆಲ್ಲಗೆ ಇನ್ನೊಂದು ಪ್ರಶ್ನೆ ಕೇಳುವುದು ಇತ್ತೀಚೆಗೆ ಹೆಚ್ಚಾಗಿದೆ: ‘ಡಾಕ್ಟ್ರೇ, ಗಡ್ಡ ಸರಿಯಾಗಿ ಬರ್ತಿಲ್ಲ. ಕಸಿ ಮಾಡಿಸಬಹುದಾ?’ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗರೂ ಇದಕ್ಕೆ ಹೊರತಲ್ಲ. 2018ರಲ್ಲಿ ‘ಕೆ.ಜಿ.ಎಫ್.’ ಚಿತ್ರ ಬಂದ ಮೇಲಂತೂ ದಟ್ಟ ಗಡ್ಡವೇ ಗಂಡಸುತನದ ಗುರುತು ಎಂಬ ಭಾವನೆ ಬಲವಾಗಿದೆ. ಮದುವೆಯ ಮಾತುಕತೆ ನಡೆಯುತ್ತಿದ್ದರೆ ಹೆತ್ತವರೇ ಹಣ ಹೊಂದಿಸಲು ಮುಂದಾಗುವುದೂ ಉಂಟು.

ವಿರಳವಾದ ಗಡ್ಡ ರೋಗವಲ್ಲ. ಗಡ್ಡ ಎಷ್ಟು ದಟ್ಟವಾಗಿರಬೇಕೆಂಬುದನ್ನು ಬಹುಮಟ್ಟಿಗೆ ವಂಶವಾಹಿಗಳು ನಿರ್ಧರಿಸುತ್ತವೆ. ಗಂಡು ಹಾರ್ಮೋನು ಇಬ್ಬರಲ್ಲಿ ಸಮನಾಗಿದ್ದರೂ ಒಬ್ಬನಿಗೆ ಪೊದೆಯಂತೆ, ಇನ್ನೊಬ್ಬನಿಗೆ ಅಲ್ಲೊಂದು ಇಲ್ಲೊಂದು ಬೆಳೆಯಬಹುದು. ಕೆಲವರಿಗೆ 18ಕ್ಕೇ ತುಂಬಿಬಂದರೆ, ಕೆಲವರಿಗೆ 25 ದಾಟಿದ ಮೇಲೆ ತುಂಬುತ್ತದೆ. ಆದರೆ 17-18 ವರ್ಷವಾದರೂ ಧ್ವನಿ ಒಡೆಯದಿದ್ದರೆ, ಪ್ರಾಯದ ಇತರ ಲಕ್ಷಣಗಳೂ ಕಾಣದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ನಾಣ್ಯದಗಲ ಕೂದಲು ಉದುರಿದ್ದರೂ ಅಷ್ಟೇ. ಅದಕ್ಕೆ ಬೇಕಾದದ್ದು ಚಿಕಿತ್ಸೆ, ಕಸಿಯಲ್ಲ.

ಕಸಿ ಎಂದರೇನು? ತಲೆಯ ಹಿಂಭಾಗದಿಂದ ಕೂದಲನ್ನು ಬೇರುಸಹಿತ ಒಂದೊಂದಾಗಿ ತೆಗೆದು, ಮುಖದ ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ ನೆಡುವುದು. ಪೂರ್ಣ ಗಡ್ಡಕ್ಕೆ 2,000ಕ್ಕೂ ಹೆಚ್ಚು ಬೇರುಗಳು ಬೇಕಾಗಬಹುದು. ನೆಟ್ಟ ಕೂದಲು ಕೆಲವೇ ವಾರಗಳಲ್ಲಿ ಉದುರುತ್ತದೆ. ಮೂರು-ನಾಲ್ಕು ತಿಂಗಳ ನಂತರ ಮತ್ತೆ ಚಿಗುರುತ್ತದೆ. ಪೂರ್ಣ ಫಲ ಕಾಣಲು ಸುಮಾರು ಒಂದು ವರ್ಷ ಬೇಕು.

ಗದ್ದೆ ನಾಟಿ ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಸಸಿ ಕಿತ್ತ ಮಡಿಯಲ್ಲಿ ಮುಂದಿನ ವರ್ಷ ಮತ್ತೆ ಬೀಜ ಬಿತ್ತಬಹುದು. ತಲೆಯ ಹಿಂಭಾಗದಲ್ಲಿ ಕಿತ್ತ ಬೇರು ಮತ್ತೆ ಹುಟ್ಟುವುದಿಲ್ಲ. ಗಡ್ಡ ಬೆಳೆಸುವ ಹಾರ್ಮೋನೇ ಹಲವರಲ್ಲಿ ಮುಂದೆ ನೆತ್ತಿಯ ಕೂದಲನ್ನು ಉದುರಿಸುತ್ತದೆ. ಆ ಹೊಡೆತಕ್ಕೆ ಹೆಚ್ಚಾಗಿ ಸಿಕ್ಕದೆ ಉಳಿಯುವುದು ತಲೆಯ ಹಿಂಭಾಗ ಮಾತ್ರ. 22ರಲ್ಲಿ ಗಡ್ಡಕ್ಕೆಂದು ಅದನ್ನು ಖರ್ಚು ಮಾಡಿದವನು 38ರಲ್ಲಿ ನೆತ್ತಿ ಬೋಳಾದಾಗ ಏನು ಮಾಡಬೇಕು? ತಂದೆಗೋ ಸೋದರಮಾವನಿಗೋ ಬೊಕ್ಕತಲೆಯಿದ್ದರೆ ಈ ಪ್ರಶ್ನೆಯನ್ನು ಎರಡು ಬಾರಿ ಕೇಳಿಕೊಳ್ಳಬೇಕು.

ಇದು ಕ್ಷೌರದಷ್ಟು ಹಗುರವಾದ ಕೆಲಸವೂ ಅಲ್ಲ. ಸೋಂಕು, ಚರ್ಮದೊಳಗೇ ಸುತ್ತಿಕೊಳ್ಳುವ ಕೂದಲು, ಗಾಯದ ಗಂಟು, ಅಸಹಜವಾದ ಸಾಲು ಇವೆಲ್ಲ ಉಂಟಾಗಬಹುದು. ಅರಿವಳಿಕೆಯ ಅಪಾಯವೂ ಇದೆ. 2016ರ ಮೇ ತಿಂಗಳಲ್ಲಿ ಚೆನ್ನೈನಲ್ಲಿ ತಲೆಗೂದಲು ಕಸಿ ಮಾಡಿಸಿಕೊಂಡ ಯುವಕನೊಬ್ಬ ಅಸುನೀಗಿದ. ಆತ ವೈದ್ಯಕೀಯ ವಿದ್ಯಾರ್ಥಿಯೇ ಆಗಿದ್ದ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಯೂಟ್ಯೂಬ್ ನೋಡಿಯೋ ಕಾರ್ಯಾಗಾರದಲ್ಲಿ ಕುಳಿತೋ ಕಲಿತ ವಿದ್ಯೆ ಕೂದಲು ಕಸಿಗೆ ಸಾಲದು ಎಂದು ಹೇಳಿದೆ. ಇದು ತರಬೇತಿ ಪಡೆದ ಚರ್ಮತಜ್ಞರ ಅಥವಾ ಪ್ಲಾಸ್ಟಿಕ್ ಸರ್ಜನ್ನರ ಕೆಲಸ. ನನ್ನಂಥ ಸಾಮಾನ್ಯ ವೈದ್ಯನದೂ ಅಲ್ಲ, ಸಲೂನಿನದಂತೂ ಅಲ್ಲವೇ ಅಲ್ಲ. ಬೆಂಗಳೂರಿನಲ್ಲಿ ಮಾಡಿಸಿಕೊಂಡು ರಾತ್ರಿ ಬಸ್ಸಿನಲ್ಲಿ ಊರಿಗೆ ಮರಳುವವರು, ಕೀವು ಕಂಡರೆ ಯಾರ ಬಳಿ ಹೋಗುವುದೆಂದು ಮೊದಲೇ ಕೇಳಿಕೊಳ್ಳಬೇಕು.

ಹಾಗೆಂದು ಈ ಶಸ್ತ್ರಚಿಕಿತ್ಸೆಯೇ ಕೆಟ್ಟದ್ದಲ್ಲ. ಸುಟ್ಟ ಗಾಯದ ಕಲೆ, ಅಪಘಾತದ ಗುರುತು, ಸೀಳುತುಟಿ ಹೊಲಿದ ಗೆರೆ ಇರುವವರಿಗೆ ಇದು ವರದಾನವಾಗಬಲ್ಲದು. ಮೂವತ್ತರ ಹತ್ತಿರ ಬಂದು, ಸಾಧಕ ಬಾಧಕಗಳನ್ನು ತಿಳಿದು, ಸ್ವಂತ ದುಡಿಮೆಯಲ್ಲಿ ಮಾಡಿಸಿಕೊಳ್ಳುವವನನ್ನೂ ನಾನು ತಡೆಯುವುದಿಲ್ಲ. ನನ್ನ ಆಕ್ಷೇಪ ಇಪ್ಪತ್ತರ ಆತುರಕ್ಕೆ, ಸಾಲ ಮಾಡಿ ತೀರಿಸುವ ಶೋಕಿಗೆ.

ಕಸಿಯ ಬದಲು ಮಿನಾಕ್ಸಿಡಿಲ್ ದ್ರಾವಣವನ್ನು ತಾವೇ ಕೊಂಡು ಹಚ್ಚುವವರೂ ಇದ್ದಾರೆ. ಅದು ತಲೆಗೆಂದು ಬಂದ ಔಷಧಿ. ಚರ್ಮದ ಉರಿ, ಎದೆಬಡಿತ ಕಾಣಿಸಿಕೊಳ್ಳಬಹುದು. ಮನೆಯಲ್ಲಿ ಮಗುವಿನ ಕೆನ್ನೆಗೆ ತಗಲಿದರೆ ಅಲ್ಲಿಯೂ ಕೂದಲು ಬೆಳೆದೀತು. ವೈದ್ಯರ ಸಲಹೆಯಿಲ್ಲದೆ ಬಳಸಬೇಡಿ.

ತೀರ್ಥಹಳ್ಳಿ ತಾಲ್ಲೂಕಿನ ಇಬ್ಬರು ಜ್ಞಾನಪೀಠ ಪುರಸ್ಕೃತರನ್ನೇ ನೋಡಿ. ಅನಂತಮೂರ್ತಿಯವರಿಗೆ ಗಡ್ಡವಿತ್ತು, ಕುವೆಂಪು ಅವರಿಗೆ ಇರಲಿಲ್ಲ. ಯಾರ ಗೌರವಕ್ಕೂ ಕೊರತೆಯಾಗಲಿಲ್ಲ. ಮಗ ಕನ್ನಡಿಯ ಮುಂದೆ ಮಂಕಾಗಿ ನಿಲ್ಲುತ್ತಿದ್ದರೆ, ಹಣ ಹೊಂದಿಸುವ ಮೊದಲು ಅವನ ಪಕ್ಕದಲ್ಲಿ ಕುಳಿತು ಮಾತನಾಡಿ. ಕೊರಗು ಗಡ್ಡದ್ದೋ, ಬೇರೆಯದೋ ಎಂಬುದು ಆಗ ತಿಳಿಯುತ್ತದೆ.